ದಾರಿದ್ರ್ಯದ ಮೂಲವನ್ನು ಅರಸಿದ ಮಹನೀಯರು: ದಾದಾಭಾಯಿ ನವರೋಜಿಯವರ ಚರಿತ್ರೆ

ಮನುಷ್ಯನಿಗೆ ಒದಗುವ ಕಷ್ಟಗಳಲ್ಲಿ ದಾರಿದ್ರ್ಯವು ಅತ್ಯಂತ ದಾರುಣವಾದುದು. ರೋಗಿಯನ್ನು ಕಂಡರೆ ಜನರು ಮರುಗುವರು. ದರಿದ್ರನನ್ನು ಕಂಡರೆ ಮೊದಲು ಅವನ ದೋಷವನ್ನು ಹುಡುಕುವರು. ಇವನು ಸೋಮಾರಿಯಿರಬೇಕು, ಕುಡುಕನಿರಬೇಕು, ಮಗಳ ಮದುವೆಗೆ ಮಿತಿಮೀರಿ ಸಾಲಮಾಡಿರಬೇಕು, ಏನೂ ಇಲ್ಲವಾದರೆ ಪೂರ್ವಜನ್ಮದ ಕರ್ಮವಿರಬೇಕು ಎಂದು ಹೇಳಿ ಮುಂದಕ್ಕೆ ಸಾಗುವರು. ಇದಕ್ಕೆ ವಿರುದ್ಧವಾಗಿ, ದಾರಿದ್ರ್ಯವೆಲ್ಲವೂ ಅರಸರ ಮತ್ತು ಧನಿಕರ ತಪ್ಪು, ಬಡವನು ಮಾಡತಕ್ಕದ್ದು ಏನೂ ಇಲ್ಲವೆಂದು ಹೇಳುವವರೂ ಉಂಟು. ಮೊದಲನೆಯ ಮಾತು ದಯೆಯನ್ನು ಕೊಲ್ಲುತ್ತದೆ. ಎರಡನೆಯದು ಪೌರುಷವನ್ನು ಕೊಲ್ಲುತ್ತದೆ. ಈ ಎರಡರ ನಡುವಣ ಸತ್ಯವನ್ನು ಲೆಕ್ಕದಿಂದಲೂ ತಮ್ಮ ಬಾಳಿನಿಂದಲೂ ತೋರಿಸಿಕೊಟ್ಟ ಒಬ್ಬ ಮಹನೀಯರ ಚರಿತ್ರೆಯನ್ನು ಸದ್ಭಕ್ತರ ಮುಂದೆ ನಿವೇದಿಸಲು ಉದ್ಯುಕ್ತನಾಗಿದ್ದೇನೆ. ಅವರೇ ಶ್ರೀಯುತ ದಾದಾಭಾಯಿ ನವರೋಜಿಯವರು.

ಶ್ರೀಮಠದ ಉತ್ಸವ ಸಂಪುಟದಲ್ಲಿ ಪಾರಸೀ ಗೃಹಸ್ಥರೊಬ್ಬರ ಚರಿತ್ರೆಯೇಕೆ ಎಂದು ವಾಚಕರು ಕೇಳಬಹುದು. ಸತ್ಪುರುಷರ ನಡೆಗೆ ಮತಭೇದದ ಗಡಿಯಿಲ್ಲ. ಅದಲ್ಲದೆ, ಕಾಯಕ ದಾಸೋಹಗಳನ್ನು ಬಾಲ್ಯದಿಂದಲೂ ಕೇಳುತ್ತ ಬಂದಿರುವ ನಮಗೆ, ದುಡಿಯುವ ಕೈಗೆ ಅನ್ನವೇಕೆ ದೊರೆಯದು ಎಂಬ ಪ್ರಶ್ನೆಯು ಹೊರಗಿನವರ ಪ್ರಶ್ನೆಯಾಗಲಾರದು.

ದಾದಾಭಾಯಿಯವರು 1825ನೆಯ ಇಸವಿ ಸೆಪ್ಟೆಂಬರ್ 4ರಂದು ಜನಿಸಿದರು. ಅವರ ವಂಶದವರು ಗುಜರಾತದ ನವಸಾರಿಯ ಮೂಲದ ಪಾರಸೀ ಪುರೋಹಿತರು. ಮಗುವಿಗೆ ನಾಲ್ಕು ವರ್ಷ ತುಂಬುವಷ್ಟರಲ್ಲಿ ತಂದೆಯವರಾದ ನವರೋಜಿ ಪಾಲನಜಿಯವರು ತೀರಿಕೊಂಡರು. ತಾಯಿ ಮಾಣಿಕಬಾಯಿಯವರು ಅಕ್ಷರ ಕಲಿತವರಲ್ಲ. ಕೈಯಲ್ಲಿ ಧನವೂ ಇರಲಿಲ್ಲ. ಆದರೂ ಆ ಸಾಧ್ವಿಯು ಮರುಮದುವೆಯಾಗದೆ, ತನ್ನ ಸೋದರನ ನೆರವಿನಿಂದಲೂ ಸ್ವಂತ ದುಡಿಮೆಯಿಂದಲೂ ಮಗನನ್ನು ಸಾಕಿದಳು. ಮುಂಬಯಿಯಲ್ಲಿ ಆ ಕಾಲದಲ್ಲಿ ಶುಲ್ಕವಿಲ್ಲದೆ ಕಲಿಸುವ ಶಾಲೆಯೊಂದಿದ್ದಿತು. ಶುಲ್ಕ ಕೊಡಬೇಕಾಗಿದ್ದಲ್ಲಿ ಆ ಬಾಲಕನ ವಿದ್ಯೆ ಅಲ್ಲಿಗೇ ನಿಲ್ಲುತ್ತಿತ್ತು. ಈ ಸಂಗತಿಯನ್ನು ಅವರು ವೃದ್ಧಾಪ್ಯದಲ್ಲಿಯೂ ಮರೆಯಲಿಲ್ಲ. ತಾವು ಕಲಿತ ಪ್ರತಿಯೊಂದು ಅಕ್ಷರಕ್ಕೂ ಬಡಜನರ ಕಂದಾಯದ ಹಣವೇ ಮೂಲವೆಂದೂ, ಆದಕಾರಣ ಆ ವಿದ್ಯೆಯು ತಮ್ಮ ಸ್ವತ್ತಲ್ಲ, ತೀರಿಸತಕ್ಕ ಋಣವೆಂದೂ ಅವರು ಯೌವನದಲ್ಲಿಯೇ ನಿಶ್ಚಯಿಸಿದರು. ಅವರ ಸಮಗ್ರ ಜೀವಿತವು ಈ ಒಂದು ನಿಶ್ಚಯದ ವಿಸ್ತಾರವೆಂದರೆ ತಪ್ಪಾಗದು.

ಇನ್ನೊಂದು ಬಾಲ್ಯದ ಪ್ರಸಂಗವಿದೆ. ಆಗ ಅವರ ಮನೆಯಲ್ಲಿ ಊಟದ ವೇಳೆ ಸ್ವಲ್ಪ ಮದ್ಯ ಸೇವಿಸುವ ರೂಢಿಯಿದ್ದಿತು. ಒಂದು ದಿನ ಮನೆಯಲ್ಲಿ ಅದು ಮುಗಿದುಹೋಗಿ, ಎದುರಿನ ಅಂಗಡಿಗೆ ಹೋಗಿ ಕುಡಿದು ಬರುವಂತೆ ಹುಡುಗನನ್ನು ಕಳುಹಿಸಿದರು. ಆ ಅಂಗಡಿಯಲ್ಲಿ ನಿಂತಾಗ ಅವರಿಗಾದ ನಾಚಿಕೆ ಎಷ್ಟಿತ್ತೆಂದರೆ, ಅಂದಿನಿಂದ ಮದ್ಯದಂಗಡಿಯ ಹೊಸ್ತಿಲನ್ನು ಮತ್ತೆ ತುಳಿಯಲಿಲ್ಲ. ಅವಾಚ್ಯ ಶಬ್ದಗಳನ್ನು ಆಡುವುದಿಲ್ಲವೆಂಬ ನಿಯಮವನ್ನೂ ಹುಡುಗತನದಲ್ಲಿಯೇ ಕೈಕೊಂಡರು. ಯಾರೂ ಆಜ್ಞಾಪಿಸದೆ ತನ್ನನ್ನು ತಾನು ನಿಯಮಿಸಿಕೊಳ್ಳುವ ಶಕ್ತಿಯು ಹೀಗೆ ಬಾಲಕನಲ್ಲಿಯೇ ಮೊಳೆತಿತ್ತು.

ಎಲ್ಫಿನ್‌ಸ್ಟನ್ ವಿದ್ಯಾಲಯದಲ್ಲಿ ಅವರು ಗಣಿತದಲ್ಲಿ ಅಗ್ರಗಣ್ಯರಾದರು. 1845ರ ಸುಮಾರಿಗೆ ಮುಂಬಯಿಯ ನ್ಯಾಯಾಧೀಶರಾಗಿದ್ದ ಸರ್ ಅರ್ಸ್ಕಿನ್ ಪೆರಿಯವರು, ಈ ತರುಣನನ್ನು ನ್ಯಾಯಶಾಸ್ತ್ರದ ಅಭ್ಯಾಸಕ್ಕಾಗಿ ಇಂಗ್ಲೆಂಡಿಗೆ ಕಳುಹಿಸಬೇಕೆಂದೂ, ಅರ್ಧ ವೆಚ್ಚವನ್ನು ತಾವೇ ಕೊಡುವೆವೆಂದೂ ಮುಂದೆ ಬಂದರು. ಹುಡುಗನು ಮತಾಂತರ ಹೊಂದಿಯಾನೆಂಬ ಭೀತಿಯಿಂದ ಪಾರಸೀ ಸಮಾಜದ ಹಿರಿಯರು ಒಪ್ಪಲಿಲ್ಲ. ದಾದಾಭಾಯಿಯವರು ಕೊರಗುತ್ತ ಕೂಡಲಿಲ್ಲ. ಕಲಿತ ವಿದ್ಯಾಲಯದಲ್ಲಿಯೇ ಅಧ್ಯಾಪಕರಾಗಿ, 1854ರಲ್ಲಿ ಗಣಿತ ಮತ್ತು ಭೌತಶಾಸ್ತ್ರಗಳ ಪ್ರಾಧ್ಯಾಪಕ ಪದವಿಯನ್ನು ಪಡೆದರು. ಅಲ್ಲಿ ಆ ಪದವಿಗೇರಿದ ಭಾರತೀಯರಲ್ಲಿ ಅವರೇ ಮೊದಲಿಗರು.

ಋಣ ತೀರಿಸುವ ಕಾರ್ಯವು ಇಷ್ಟರಲ್ಲಿಯೇ ಆರಂಭವಾಗಿತ್ತು. 1849ರಲ್ಲಿ ಅವರೂ ಅವರ ಸಂಗಡಿಗರೂ ಕೂಡಿ ಹೆಣ್ಣುಮಕ್ಕಳ ಶಾಲೆಗಳನ್ನು ತೆರೆದರು. ಸಂಬಳವಿಲ್ಲದೆ, ಬಿಡುವಿನ ವೇಳೆಯಲ್ಲಿ ಇವರೇ ಪಾಠ ಹೇಳುತ್ತಿದ್ದರು. ದಾದಾಭಾಯಿಯವರು ಮನೆಮನೆಗೆ ಹೋಗಿ, ನಿಮ್ಮ ಜಗಲಿಯ ಮೇಲೆ ಕುಳಿತು ಮಕ್ಕಳಿಗೆ ಅಕ್ಷರ ಕಲಿಸಲು ಅನುಮತಿ ಕೊಡಿರೆಂದು ತಂದೆಯರನ್ನು ಬೇಡುತ್ತಿದ್ದರು. ಕೆಲವರು ಸಂತೋಷಪಟ್ಟರು, ಕೆಲವರು ಮೆಟ್ಟಲಿನಿಂದ ಕೆಳಕ್ಕೆ ನೂಕುವೆವೆಂದು ಗದರಿಸಿದರು. ತಾಯಿ ಮಾಣಿಕಬಾಯಿಯವರು, ತಾವು ಅಕ್ಷರವರಿಯದವರಾದರೂ, ಈ ಕಾರ್ಯದಲ್ಲಿ ಮಗನ ಬೆನ್ನಿಗೆ ನಿಂತರು. 1851ರಲ್ಲಿ ರಾಸ್ತ್ ಗೋಫ್ತಾರ್ ಎಂಬ ಗುಜರಾತೀ ಪತ್ರಿಕೆಯನ್ನು ಹೊರಡಿಸಿ ಸಮಾಜದ ದೋಷಗಳನ್ನು ತಿದ್ದಲು ಯತ್ನಿಸಿದರು.

1855ರಲ್ಲಿ ದಾದಾಭಾಯಿಯವರು ಕಾಮಾ ಮನೆತನದವರ ವ್ಯಾಪಾರ ಸಂಸ್ಥೆಯಲ್ಲಿ ಪಾಲುದಾರರಾಗಿ ಲಂಡನ್ನಿಗೆ ತೆರಳಿದರು. ಭಾರತೀಯರು ಇಂಗ್ಲೆಂಡಿನಲ್ಲಿ ಸ್ಥಾಪಿಸಿದ ಮೊದಲ ವ್ಯಾಪಾರ ಸಂಸ್ಥೆಯೇ ಇದು. ಧನಾರ್ಜನೆಗೆ ಇದಕ್ಕಿಂತ ಉತ್ತಮವಾದ ಮಾರ್ಗವಿರಲಿಲ್ಲ. ಆದರೆ ಸಂಸ್ಥೆಯ ಲಾಭದಲ್ಲಿ ಅಫೀಮು ಮತ್ತು ಮದ್ಯಗಳ ವ್ಯಾಪಾರದ ಪಾಲೂ ಸೇರಿದ್ದಿತು. ಇತರರ ಮನೆಯನ್ನು ಹಾಳುಮಾಡುವ ವಸ್ತುವಿನಿಂದ ಬಂದ ಹಣವು ತಮಗೆ ಬೇಡವೆಂದು ಹೇಳಿ, 1858ರಲ್ಲಿ ಪಾಲುದಾರಿಕೆಯಿಂದ ಹೊರಬಂದರು. ಮರುವರ್ಷ ಸ್ವಂತವಾಗಿ ಹತ್ತಿಯ ವ್ಯಾಪಾರವನ್ನು ತೊಡಗಿದರು. ಅಮೇರಿಕೆಯ ಅಂತಃಕಲಹದ ಕಾಲದಲ್ಲಿ ಹತ್ತಿಯ ಬೆಲೆ ಗಗನಕ್ಕೇರಿ, 1865ರಲ್ಲಿ ಯುದ್ಧವು ಮುಗಿಯುತ್ತಲೇ ಪಾತಾಳಕ್ಕಿಳಿಯಿತು. ಮುಂಬಯಿಯ ಎಷ್ಟೋ ಶ್ರೀಮಂತರು ದಿವಾಳಿಯೆದ್ದರು. ಸಂಕಟದಲ್ಲಿದ್ದ ಸ್ನೇಹಿತರಿಗೆ ನೆರವಾಗಲು ಹೋಗಿ ದಾದಾಭಾಯಿಯವರ ಸಂಸ್ಥೆಯೂ ಮುಳುಗಿತು. ಅವರು ಲೆಕ್ಕದ ಪುಸ್ತಕಗಳನ್ನೆಲ್ಲ ಸಾಲಿಗರ ಮುಂದೆ ತೆರೆದಿಟ್ಟರು. ಒಂದು ಕಾಸನ್ನೂ ಮರೆಮಾಡಲಿಲ್ಲ. ಆ ಪ್ರಾಮಾಣಿಕತೆಯನ್ನು ಕಂಡು ಸಾಲಿಗರೇ ಅವರನ್ನು ಗೌರವಿಸಿದರು.

ಈ ಪ್ರಸಂಗದಲ್ಲಿ ಒಂದು ಸೂಕ್ಷ್ಮವಿದೆ. ಕುಡಿಯದವನೂ, ಸೋಮಾರಿಯಲ್ಲದವನೂ, ವಿದ್ಯಾವಂತನೂ, ಸತ್ಯಸಂಧನೂ ಆದ ಮನುಷ್ಯನು ಕೂಡ ದೂರದೇಶದ ಯುದ್ಧವೊಂದು ನಿಂತ ಮಾತ್ರಕ್ಕೆ ಒಂದೇ ವರ್ಷದಲ್ಲಿ ನಿರ್ಧನನಾಗಬಹುದು. ಬಡತನವನ್ನು ಕಂಡೊಡನೆ ಬಡವನ ದೋಷವನ್ನು ಅರಸುವವರು ಇದನ್ನು ಮನಸ್ಸಿಗೆ ತಂದುಕೊಳ್ಳತಕ್ಕದ್ದು. ಬಿದ್ದ ಮೇಲೆ ಹೇಗೆ ನಡೆದುಕೊಳ್ಳಬೇಕೆಂಬುದು ಮಾತ್ರ ಅವರ ಕೈಯಲ್ಲಿತ್ತು. ಅದನ್ನು ಅವರು ನಿಷ್ಕಳಂಕವಾಗಿ ನಡೆಸಿದರು.

ಇನ್ನು ಅವರ ಜೀವಿತದ ಮುಖ್ಯ ಕಾರ್ಯವನ್ನು ಹೇಳುವೆನು. 1866ರಲ್ಲಿ ಒರಿಸ್ಸಾ ಪ್ರಾಂತದಲ್ಲಿ ಘೋರ ಕ್ಷಾಮವುಂಟಾಗಿ ಸುಮಾರು 10 ಲಕ್ಷ ಜನರು ಮಡಿದರು. ಅದೇ ವರ್ಷ ದಾದಾಭಾಯಿಯವರು ಲಂಡನ್ನಿನಲ್ಲಿ ಈಸ್ಟ್ ಇಂಡಿಯಾ ಅಸೋಸಿಯೇಷನ್ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಹಿಂದೂಸ್ಥಾನದ ಜನರೇಕೆ ಇಷ್ಟು ಬಡವರು ಎಂಬ ಪ್ರಶ್ನೆಯು ಅಲ್ಲಿಂದ ಅವರನ್ನು ಬಿಡಲಿಲ್ಲ. ಆಗಿನ ಅಧಿಕಾರಿಗಳ ಉತ್ತರವು ಸಿದ್ಧವಾಗಿತ್ತು. ರೈತನು ದುಂದುಗಾರನು, ಮದುವೆ ಮುಂಜಿಗಳಿಗೆ ಸಾಲಮಾಡುವನು, ಮಿತಿಯಿಲ್ಲದೆ ಮಕ್ಕಳನ್ನು ಹಡೆಯುವನು, ನಾಳಿನ ಚಿಂತೆ ಅವನಿಗಿಲ್ಲ ಎಂದು ಅವರು ಬರೆಯುತ್ತಿದ್ದರು. ದಾದಾಭಾಯಿಯವರು ಕೋಪದಿಂದ ಉತ್ತರಿಸಲಿಲ್ಲ; ಗಣಿತಜ್ಞರಾಗಿ ಉತ್ತರಿಸಿದರು.

ಸರ್ಕಾರದವರೇ ಪ್ರಕಟಿಸಿದ ವರದಿಗಳನ್ನು ತೆಗೆದುಕೊಂಡು, ಪ್ರಾಂತಪ್ರಾಂತಗಳಲ್ಲಿ ಎಷ್ಟು ಎಕರೆ ಸಾಗುವಳಿಯಿದೆ, ಎಕರೆಗೆ ಎಷ್ಟು ಬೆಳೆ, ಅದರ ಬೆಲೆಯೆಷ್ಟು ಎಂದು ಕೂಡಿಸಿದರು. ವರದಿಗಳಲ್ಲಿ ಸರಾಸರಿ ತೆಗೆಯುವ ಕ್ರಮವೇ ತಪ್ಪೆಂದು ಅವರು ಮೊದಲು ಕಂಡುಹಿಡಿದರು. ಉದಾಹರಣೆಗೆ, ಒಂದೆಡೆ 10 ಎಕರೆ ನೀರಾವರಿಯಲ್ಲಿ ಎಕರೆಗೆ 20 ಮಣ ಬೆಳೆದು, ಇನ್ನೊಂದೆಡೆ 90 ಎಕರೆ ಬೆದ್ದಲಿನಲ್ಲಿ ಎಕರೆಗೆ 4 ಮಣ ಬೆಳೆಯಿತೆನ್ನೋಣ. ಇಪ್ಪತ್ತನ್ನೂ ನಾಲ್ಕನ್ನೂ ಕೂಡಿಸಿ ಎರಡರಿಂದ ಭಾಗಿಸಿದರೆ 12 ಮಣವೆಂದು ತೋರುತ್ತದೆ. ನಿಜವಾಗಿ 100 ಎಕರೆಗೆ ಬಂದುದು 560 ಮಣ. ಎಂದರೆ ಎಕರೆಗೆ ಆರು ಮಣವೂ ಇಲ್ಲ. ಹೀಗೆ ಕಾಗದದ ಮೇಲೆ ಸಮೃದ್ಧಿಯೂ ಹೊಲದಲ್ಲಿ ಅಭಾವವೂ ಏಕಕಾಲದಲ್ಲಿರುವುದು ಸಾಧ್ಯವಾಯಿತು.

ಈ ದೋಷವನ್ನು ತಿದ್ದಿ ಲೆಕ್ಕಹಾಕಿದಾಗ, 1867ರಿಂದ 1870ರವರೆಗಿನ ಕಾಲಕ್ಕೆ ಬ್ರಿಟಿಷ್ ಹಿಂದೂಸ್ಥಾನದ 17 ಕೋಟಿ ಜನರ ವಾರ್ಷಿಕ ಉತ್ಪತ್ತಿಯು ಸುಮಾರು 34 ಕೋಟಿ ಪೌಂಡು, ಎಂದರೆ ತಲೆಗೆ ವರ್ಷಕ್ಕೆ 20 ರೂಪಾಯಿ ಎಂದು ಸಿದ್ಧವಾಯಿತು. ಮನುಷ್ಯನು ಬದುಕಲು ಎಷ್ಟು ಬೇಕು ಎಂಬುದಕ್ಕೆ ಅವರು ಸೆರೆಮನೆಗಳ ಲೆಕ್ಕವನ್ನೇ ಹಿಡಿದರು. ಕೈದಿಯೊಬ್ಬನ ಅನ್ನವಸ್ತ್ರಗಳಿಗೆ ಸರ್ಕಾರವು ಮಾಡುತ್ತಿದ್ದ ವೆಚ್ಚವು ಅವರು ನೋಡಿದ ಯಾವ ಪ್ರಾಂತದಲ್ಲಿಯೂ 20 ರೂಪಾಯಿಗಿಂತ ಕಡಿಮೆಯಿರಲಿಲ್ಲ. ಮುಂಬಯಿ ಪ್ರಾಂತದಲ್ಲಿ 40 ರೂಪಾಯಿಯನ್ನೂ ಮೀರಿತ್ತು. ಅಪರಾಧ ಮಾಡಿ ಸೆರೆಯಲ್ಲಿರುವವನಿಗೆ ದೊರೆಯುವಷ್ಟು ಅನ್ನವು ನಿರಪರಾಧಿಯಾಗಿ ಹೊಲದಲ್ಲಿ ದುಡಿಯುವವನಿಗಿಲ್ಲ! ಈ 20 ರೂಪಾಯಿಯಾದರೂ ಎಲ್ಲರಿಗೂ ಸಮವಾಗಿ ಹಂಚಿದರೆ ಬರುವ ಭಾಗ. ಉಳ್ಳವರು ಹೆಚ್ಚಿನ ಪಾಲನ್ನು ಕೊಂಡ ಬಳಿಕ ಬಡವನಿಗೆ ಅಷ್ಟೂ ಉಳಿಯದೆಂಬುದನ್ನು ಅವರೇ ಎತ್ತಿ ತೋರಿಸಿದರು.

1876ರಲ್ಲಿ ಮುಂಬಯಿಯ ಸಭೆಯ ಮುಂದೆ ಭಾರತದ ಬಡತನವೆಂಬ ಪ್ರಬಂಧರೂಪವಾಗಿ ಈ ವಿಷಯವನ್ನು ಅವರು ಓದಿದರು. ಅದೇ ವರ್ಷವೇ ನಮ್ಮ ಕನ್ನಡನಾಡಿನಲ್ಲಿ ಧಾತು ಈಶ್ವರ ಸಂವತ್ಸರಗಳ ಮಹಾಕ್ಷಾಮವು ತಲೆದೋರಿತು. 1871ರಲ್ಲಿ ಮೈಸೂರು ಸೀಮೆಯ ಜನಸಂಖ್ಯೆ ಸುಮಾರು 50 ಲಕ್ಷವಿದ್ದುದು 1881ರಲ್ಲಿ ಸುಮಾರು 42 ಲಕ್ಷಕ್ಕೆ ಇಳಿಯಿತು. ಸತ್ತವರೆಲ್ಲರೂ ಸೋಮಾರಿಗಳಾಗಿದ್ದರೆ? ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಗಾದೆಯು ಸರಿಯಾದುದೇ. ಆದರೆ ಹಾಸಿಗೆಯೇ ಗೇಣುದ್ದವಾದಾಗ ಕಾಲನ್ನು ಎಷ್ಟು ಮಡಿಸಿದರೂ ನೆಲದ ಚಳಿ ತಪ್ಪದು. ದಾದಾಭಾಯಿಯವರ ಲೆಕ್ಕದ ತಾತ್ಪರ್ಯವು ಇದೇ ಆಗಿರುತ್ತದೆ. ಇದ್ದುದರಲ್ಲಿ ಮಿತವ್ಯಯ ಮಾಡಬಹುದು. ಇಲ್ಲದುದರಲ್ಲಿ ಮಿತವ್ಯಯ ಮಾಡುವುದು ಹೇಗೆ?

ಹಾಗಾದರೆ ಧನವು ಹೋದುದೆಲ್ಲಿಗೆ? ಸೂರ್ಯನು ಕೆರೆಯ ನೀರನ್ನು ಹೀರಿ ಮಳೆಯಾಗಿ ಹಿಂದಿರುಗಿಸುವಂತೆ ಅರಸನು ಕಂದಾಯವನ್ನು ಕೊಂಡು ಪ್ರಜೆಗಳಿಗೇ ಹಿಂದಿರುಗಿಸಬೇಕೆಂಬುದು ನಮ್ಮ ಪ್ರಾಚೀನ ರಾಜನೀತಿ. ಸ್ವದೇಶದ ಅರಸನು ದುಂದುಗಾರನಾದರೂ ಅವನು ಚೆಲ್ಲಿದ ಹಣವು ಇಲ್ಲಿಯ ನೇಕಾರನಿಗೋ ಅಕ್ಕಸಾಲಿಗೋ ಸಲ್ಲುತ್ತಿತ್ತು. ಆದರೆ ಕಂಪನಿಯ ಕಾಲದಿಂದ ನಮ್ಮ ನೀರು ಇಲ್ಲಿ ಆವಿಯಾಗಿ ಸಮುದ್ರದಾಚೆ ಮಳೆಯಾಗತೊಡಗಿತು. ಇಂಗ್ಲಿಷ್ ಅಧಿಕಾರಿಗಳ ಸಂಬಳದ ಉಳಿತಾಯ ಮತ್ತು ನಿವೃತ್ತಿವೇತನ, ಸೈನ್ಯದ ವೆಚ್ಚ, ಸಾಲದ ಬಡ್ಡಿ, ರೈಲ್ವೆ ಕಂಪನಿಗಳಿಗೆ ಸರ್ಕಾರವು ಭರವಸೆಯಿತ್ತ ಲಾಭ, ಇವೆಲ್ಲವೂ ಪ್ರತಿವರ್ಷ ಇಂಗ್ಲೆಂಡಿಗೆ ಹರಿದುಹೋಗುತ್ತಿದ್ದುವು. ದೇಶದಿಂದ ರಫ್ತಾದ ಸರಕಿನ ಬೆಲೆಗೆ ತಕ್ಕಷ್ಟು ಸರಕಾಗಲಿ ಹೊನ್ನಾಗಲಿ ಹಿಂದಿರುಗುತ್ತಿರಲಿಲ್ಲ. ಇದನ್ನೇ ಅವರು ಸಂಪತ್ತಿನ ಸೋರಿಕೆಯೆಂದು ಕರೆದರು. ಹಣದೊಡನೆ ಅನುಭವವೂ ಸೋರಿಹೋಗುತ್ತದೆಂಬುದು ಅವರ ಮತ್ತೊಂದು ಸೂಕ್ಷ್ಮದರ್ಶನ. ಉನ್ನತ ಹುದ್ದೆಗಳೆಲ್ಲ ಪರದೇಶೀಯರ ಕೈಯಲ್ಲಿದ್ದು, ಅವರು ನಿವೃತ್ತರಾಗಿ ಹೊರಟಾಗ ಆಡಳಿತದ ಅರಿವೂ ಅವರೊಡನೆ ಹಡಗು ಹತ್ತುತ್ತಿತ್ತು. ಜವಾಬ್ದಾರಿಯನ್ನೇ ಕೊಡದೆ ಜವಾಬ್ದಾರಿ ಇಲ್ಲದವರೆಂದು ನಿಂದಿಸುವುದು ನ್ಯಾಯವಲ್ಲವೆಂದು 1880ರಲ್ಲಿ ಅವರು ಭಾರತಮಂತ್ರಿಗೆ ವಿಜ್ಞಾಪನೆಗಳನ್ನು ಬರೆದರು.

ಅಧಿಕಾರಿಗಳು ಅವರ ಅಂಕಿಗಳನ್ನು ಖಂಡಿಸಿದರು. ಆದರೆ ಖಂಡಿಸುವುದಕ್ಕಾದರೂ ಅವರೇ ಲೆಕ್ಕಹಾಕಬೇಕಾಯಿತು. 1882ರಲ್ಲಿ ಸರ್ಕಾರದ ಕಡೆಯಿಂದ ಬಂದ ಅಂಕಿ ತಲೆಗೆ 27 ರೂಪಾಯಿ. 1901ರಲ್ಲಿ ಲಾರ್ಡ್ ಕರ್ಜನ್ನರು ಹೇಳಿದುದು 30 ರೂಪಾಯಿ. ಇವೂ ಸಹ ಸಮೃದ್ಧಿಯ ಅಂಕಿಗಳಲ್ಲವೆಂಬುದು ಸ್ಪಷ್ಟವೇ ಇದೆ. ತರುವಾಯದ ಅರ್ಥಶಾಸ್ತ್ರಜ್ಞರು ಇನ್ನೂ ನಿಷ್ಕೃಷ್ಟವಾದ ಕ್ರಮಗಳನ್ನು ಕಂಡುಕೊಂಡರು. 1972ರಲ್ಲಿ ಬೆಂಗಳೂರಿನಲ್ಲಿ ಸಾಮಾಜಿಕ ಮತ್ತು ಆರ್ಥಿಕ ಪರಿವರ್ತನ ಸಂಸ್ಥೆಯನ್ನು ಸ್ಥಾಪಿಸಿದ ಡಾ. ವಿ. ಕೆ. ಆರ್. ವಿ. ರಾವ್ ಅವರು ಅಂಥವರಲ್ಲಿ ಪ್ರಮುಖರು. ಸೋರಿಕೆಯ ಪ್ರಮಾಣವೆಷ್ಟು, ದೇಶದ ಬಡತನಕ್ಕೆ ಅದೊಂದೇ ಕಾರಣವೇ ಎಂಬ ವಿಷಯದಲ್ಲಿ ಪಂಡಿತರೊಳಗೆ ಇಂದಿಗೂ ಭಿನ್ನಾಭಿಪ್ರಾಯವುಂಟು. ಆದರೆ ಬಡತನವನ್ನು ಬೈದು ಬಿಡತಕ್ಕದ್ದಲ್ಲ, ಅಳೆಯತಕ್ಕದ್ದು ಎಂಬ ಮಾರ್ಗವನ್ನು ಹಾಕಿಕೊಟ್ಟವರಲ್ಲಿ ದಾದಾಭಾಯಿಯವರು ಅಗ್ರಗಣ್ಯರೆಂಬುದರಲ್ಲಿ ಸಂದೇಹವಿಲ್ಲ.

ಅರಸರ ತಪ್ಪನ್ನು ತೋರಿಸುವವರು ತಮ್ಮವರ ತಪ್ಪನ್ನು ಮುಚ್ಚುವುದು ಸಾಮಾನ್ಯ. ದಾದಾಭಾಯಿಯವರು ಹಾಗೆ ಮಾಡಲಿಲ್ಲ. 1874ರಲ್ಲಿ ಬರೋಡೆಯ ದಿವಾನರಾದಾಗ, ಸ್ವದೇಶದ ಅರಸರ ಆಡಳಿತವೆಂದು ಕಣ್ಣುಮುಚ್ಚಿಕೊಳ್ಳದೆ, ಅಲ್ಲಿಯ ಲಂಚ ಮತ್ತು ನಜರಾಣೆಗಳನ್ನು ಅಡಗಿಸಲು ಹೊರಟರು. ಒಂದು ಕಡೆ ಆಸ್ಥಾನಿಕರೂ ಇನ್ನೊಂದು ಕಡೆ ಬ್ರಿಟಿಷ್ ರೆಸಿಡೆಂಟರೂ ವಿರೋಧಿಸಲು, ಸುಮಾರು ಒಂದು ವರ್ಷದಲ್ಲಿ ಪದವಿಯನ್ನು ತ್ಯಜಿಸಿ ಹೊರಬಂದರು.

ಮುಂದೆ ತಮ್ಮ ವಾದವನ್ನು ಆಳುವವರ ಸಭೆಯಲ್ಲಿಯೇ ಮಂಡಿಸಬೇಕೆಂದು ನಿಶ್ಚಯಿಸಿದರು. 1886ರಲ್ಲಿ ಹಾಲ್ಬರ್ನ್ ಕ್ಷೇತ್ರದಿಂದ ಪಾರ್ಲಿಮೆಂಟಿಗೆ ನಿಂತು ಸೋತರು. 1888ರಲ್ಲಿ ಪ್ರಧಾನಮಂತ್ರಿ ಲಾರ್ಡ್ ಸಾಲಿಸ್‌ಬರಿಯವರು ಅವರ ಮೈಬಣ್ಣವನ್ನು ಹೀಗಳೆದು ಬಹಿರಂಗವಾಗಿ ಮಾತನಾಡಿದರು. ಅದರಿಂದ ದಾದಾಭಾಯಿಯವರ ಕೀರ್ತಿಯೇ ಹೆಚ್ಚಿತು. 1892ರಲ್ಲಿ ಸೆಂಟ್ರಲ್ ಫಿನ್ಸ್‌ಬರಿ ಕ್ಷೇತ್ರದಿಂದ ಕೇವಲ 5 ಮತಗಳ ಅಂತರದಿಂದ ಗೆದ್ದು, 67ನೆಯ ವಯಸ್ಸಿನ ಹೊಸ್ತಿಲಲ್ಲಿ ಪಾರ್ಲಿಮೆಂಟನ್ನು ಪ್ರವೇಶಿಸಿದರು. ಸಿವಿಲ್ ಸರ್ವಿಸ್ ಪರೀಕ್ಷೆಯು ಇಂಗ್ಲೆಂಡಿನಲ್ಲಿಯೂ ಹಿಂದೂಸ್ಥಾನದಲ್ಲಿಯೂ ಏಕಕಾಲಕ್ಕೆ ನಡೆಯತಕ್ಕದ್ದೆಂಬ ನಿರ್ಣಯವನ್ನು 1893ರಲ್ಲಿ ಆ ಸಭೆಯು ಅಂಗೀಕರಿಸಿತು. ಸರ್ಕಾರವು ಅದನ್ನು ಕಡೆಗಣಿಸಿತು. ನಮ್ಮ ದೇಶದಲ್ಲಿ ಆ ಪರೀಕ್ಷೆ ಆರಂಭವಾದುದು 1922ರಲ್ಲಿ. 1895ರ ಚುನಾವಣೆಯಲ್ಲಿ ಸೋತರೂ, ಭಾರತದ ವೆಚ್ಚವನ್ನು ವಿಚಾರಿಸಲು ನೇಮಕವಾದ ವೆಲ್ಬಿ ಆಯೋಗದಲ್ಲಿ ಸದಸ್ಯರಾಗಿ ದುಡಿದರು. 1901ರಲ್ಲಿ ತಮ್ಮ ಮೂವತ್ತು ವರ್ಷಗಳ ಲೇಖನಗಳನ್ನು ಒಂದು ದೊಡ್ಡ ಗ್ರಂಥವಾಗಿ ಪ್ರಕಟಿಸಿದರು.

ಕಾಂಗ್ರೆಸ್ಸಿನ ಅಧ್ಯಕ್ಷರಾಗಿ 1886, 1893 ಮತ್ತು 1906ರಲ್ಲಿ ಮೂರು ಸಾರಿ ಆರಿಸಲ್ಪಟ್ಟರು. ಕೊನೆಯ ಸಾರಿ ಅವರ ವಯಸ್ಸು 81. ಇಂಗ್ಲೆಂಡಿನ ನ್ಯಾಯಬುದ್ಧಿಯನ್ನು ಅರ್ಧಶತಮಾನ ನಂಬಿ ಬೇಡಿದ ಆ ವೃದ್ಧರು ಕಲಕತ್ತೆಯ ಆ ಸಭೆಯಲ್ಲಿ ಸ್ವರಾಜ್ಯವೇ ದೇಶದ ಗುರಿಯೆಂದು ಸಾರಿದರು. ತನ್ನ ಬಾಳಿನ ಹೊಣೆಯನ್ನು ತಾನೇ ಹೊರುವ ಅಧಿಕಾರವಿಲ್ಲದ ಜನಾಂಗವು ಬಡತನದಿಂದ ಏಳಲಾರದೆಂಬುದು ಅವರ ಲೆಕ್ಕದ ಕೊನೆಯ ಸಾಲು. ಬಳಿಕ ಮುಂಬಯಿಯ ಸಮೀಪದ ವರ್ಸೋವಾದಲ್ಲಿ ಸರಳವಾಗಿ ಕಾಲಕಳೆದು, 1917ನೆಯ ಇಸವಿ ಜೂನ್ 30ರಂದು ತಮ್ಮ 91ನೆಯ ವಯಸ್ಸಿನಲ್ಲಿ ಅಸ್ತಂಗತರಾದರು.

ಸದ್ಭಕ್ತರೇ, ಈ ಚರಿತ್ರೆಯಿಂದ ನಾವು ಗ್ರಹಿಸತಕ್ಕದ್ದೇನು? ಹೊಣೆಗಾರಿಕೆಯೆಂಬುದು ಒಂದು ಭಾರವಾದರೆ ದಾದಾಭಾಯಿಯವರು ಅದನ್ನು ಮೊದಲು ತಮ್ಮ ಹೆಗಲಿಗೇರಿಸಿಕೊಂಡರು. ಆಮೇಲೆ ಬಲಿಷ್ಠರ ಹೆಗಲಿಗೆ ಹೊರಿಸಿದರು. ಹಸಿದವನ ಹೆಗಲಿಗೆ ಅವನು ಹೊರುವಷ್ಟನ್ನೇ ಬಿಟ್ಟರು. ನಾವಾದರೋ ಅನೇಕ ವೇಳೆ ಈ ಕ್ರಮವನ್ನು ತಲೆಕೆಳಗು ಮಾಡುತ್ತೇವೆ. ಕೂಲಿಯವನ ಸಾಲಕ್ಕೆ ಅವನ ದುಂದುಗಾರಿಕೆಯೇ ಕಾರಣವೆನ್ನುವ ನಾವು, ಅವನಿಗೆ ಕೊಟ್ಟ ಕೂಲಿಯು ಅವನ ಮನೆಯ ಹೊಟ್ಟೆಗಳಿಗೆ ಸಾಲುವುದೇ ಎಂದು ಒಮ್ಮೆಯಾದರೂ ಕೂಡಿಸಿ ನೋಡಿದ್ದೇವೆಯೇ? ಪರದೇಶೀಯರ ಸೋರಿಕೆಯು 1947ರಲ್ಲಿ ಅವರ ಆಳ್ವಿಕೆಯೊಡನೆ ಮುಗಿಯಿತು. ಆದರೆ ಹುಟ್ಟಿದ ಕೇರಿಯ ಕಾರಣದಿಂದ ಒಬ್ಬನ ಪಾಲು ಕಿರಿದಾಗುವುದೂ, ಹೆಂಡದಂಗಡಿಯಿಂದ ಮನೆ ಹಾಳಾಗುವುದೂ, ಬಡ್ಡಿಯು ಅಸಲನ್ನು ನುಂಗುವುದೂ ನಮ್ಮೊಳಗಿನ ಸೋರಿಕೆಗಳು. ಇವಕ್ಕೆ ಸಮುದ್ರದಾಚೆಯವರನ್ನು ದೂರಿ ಫಲವಿಲ್ಲ.

ಶ್ರೀಮಠದ ಪಂಕ್ತಿಯಲ್ಲಿ ಉಂಡು, ಶ್ರೀಮಠದ ದೀಪದಲ್ಲಿ ಓದಿ, ಇಂದು ಉತ್ತಮ ಸ್ಥಿತಿಯಲ್ಲಿರುವವರು ಈ ಸಂಪುಟದ ವಾಚಕರಲ್ಲಿ ಬಹುಮಂದಿ ಇರುವರು; ಈ ಲೇಖಕನೂ ಅಂಥವರಲ್ಲೊಬ್ಬನು. ನಾವು ಉಂಡ ಜೋಳ ಯಾವ ರೈತನ ಕಣದ್ದೋ, ಯಾವ ತಾಯಿಯ ಮುಡಿಪಿನದೋ ನಾವರಿಯೆವು. ಅವರ ಮೊಮ್ಮಕ್ಕಳು ಇಂದು ಉಂಡು ಓದುತ್ತಿರುವರೇ ಎಂದು ವಿಚಾರಿಸುವುದು ನಮ್ಮ ಋಣದ ಮೊದಲ ಕಂತು. ಶುಲ್ಕವಿಲ್ಲದ ಶಾಲೆಯಲ್ಲಿ ಕಲಿತ ಅನಾಥ ಬಾಲಕನೊಬ್ಬನು ಆ ಋಣವನ್ನು ಎಪ್ಪತ್ತು ವರ್ಷಗಳ ಕಾಲ ತೀರಿಸಿದನು. ಅದರ ಸ್ವಲ್ಪ ಭಾಗವನ್ನಾದರೂ ತೀರಿಸುವ ಬುದ್ಧಿಯನ್ನೂ ಬಲವನ್ನೂ ಶ್ರೀಗುರುವು ನಮಗೆಲ್ಲರಿಗೂ ಅನುಗ್ರಹಿಸಲೆಂದು ಪ್ರಾರ್ಥಿಸಿ ಈ ಲೇಖನವನ್ನು ಮುಗಿಸುವೆನು.